ಸಹಿ ಬೀಳದ ನಾಲ್ಕು ಬಿಲ್ಲು

ಸೊಸೆ ಒದ್ದೆ ಹೊದಿಕೆಯನ್ನು ತಂತಿಗೆ ಹಾಕುತ್ತಿದ್ದಾಗ ಮಾವ ನಾಲ್ಕು ಬಿಲ್ಲು ಹಿಡಿದು ಎದುರಿಗೆ ಬಂದು ನಿಂತರು. ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಯಾವ ಚೀಟಿಯನ್ನೂ ಬೆಳಕಿಗೆ ಹಿಡಿಯದೆ ನಂಬಿದವರಲ್ಲ. ಮನೆಮಂದಿಯ ಆಸ್ಪತ್ರೆ ಖರ್ಚಿಗೆ ತೆರಿಗೆ ವಿನಾಯಿತಿ ಕೇಳುವ ಅರ್ಜಿ ಅವರ ಸಹಿಗಾಗಿ ಐದು ತಿಂಗಳಿಂದ ಕಾದಿತ್ತು. ಅಂಚೆಗೆ ಹಾಕಲು ನಾಳೆಯೇ ಗಡುವು.

"ನಾಲ್ಕೂ ಮಂಗಳವಾರದ್ದು, ನಾಲ್ಕೂ ನಿನ್ನ ಹೆಸರಲ್ಲಿ. ವ್ಯಾಯಾಮ ಚಿಕಿತ್ಸೆಯಂತೆ. ಗುಂಡುಕಲ್ಲಿನ ಹಾಗಿದ್ದೀಯಲ್ಲಮ್ಮ. ಸುಳ್ಳು ಬಿಲ್ಲಿಗೆ ಸಹಿ ಹಾಕಿ ಈ ವಯಸ್ಸಲ್ಲಿ ನಾನು ಕಂಬಿ ಎಣಿಸಬೇಕಾ?"

"ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರಂತೆ, ಮಾವ," ಎನ್ನುತ್ತಲೇ ಅವಳು ಬಲಗೈಯಿಂದ ಹೊದಿಕೆಯ ಒಂದು ತುದಿಯನ್ನು ತಂತಿಗೇರಿಸಿದಳು. ಎಡಗೈ ಭುಜದ ಮಟ್ಟಕ್ಕೂ ಏಳಲಿಲ್ಲ. ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಮತ್ತೆ ಬಲಗೈಯಿಂದಲೇ ಮೇಲಕ್ಕೆಸೆದಳು.

ಮಾವನ ಕೈಯಲ್ಲಿದ್ದ ಬಿಲ್ಲು ಕೆಳಗಿಳಿಯಿತು. "ಯಾವಾಗಿಂದ ಹೀಗೆ?"

"ನೀವು ಸೊಂಟ ಮುರ್ಕೊಂಡು ಮಲಗಿದ್ದಾಗ ದಿನಾ ಎತ್ತಿ ಕೂರಿಸ್ತಿದ್ದೆನಲ್ಲ, ಆಗಿಂದ. ಹೇಳಿದ್ದಿದ್ರೆ ಮತ್ತೆ ಎತ್ತೋಕೆ ಬಿಡ್ತಿದ್ರಾ?"

ಮಾವ ಬಿಲ್ಲುಗಳನ್ನು ಗೋಡೆಗೊತ್ತಿ ನಾಲ್ಕಕ್ಕೂ ಸಹಿ ಹಾಕಿದರು, ಅರ್ಜಿಗೂ ಹಾಕಿದರು. ಕೋಲೂರಿಕೊಂಡು ಅಂಚೆ ಪೆಟ್ಟಿಗೆಯವರೆಗೆ ತಾವೇ ನಡೆದು ಹೋಗಿ, ಲಕೋಟೆಯನ್ನು ಬೆಳಕಿಗೆ ಹಿಡಿಯದೆ ಒಳಗೆ ಬಿಟ್ಟರು.