ಎಲ್ಲ ಕಾರ್ಡಿಗೂ ಹೂಂ

"ಆ ಅಜ್ಜಿಗೆ ಸೂಜಿ ಚುಚ್ಚೋ ಮುಂಚೆ ಕೋಡ್ ಬದಲಾಯಿಸು! ನಾನೇನು ಧರ್ಮಛತ್ರ ಇಟ್ಟಿದ್ದೀನಾ?" ಡಯಾಲಿಸಿಸ್ ಕೇಂದ್ರದ ಮಾಲೀಕ ಪ್ರೋಗ್ರಾಮರ್ ಹುಡುಗಿಯ ಬೆನ್ನ ಹಿಂದೆ ನಿಂತು ಗುಡುಗಿದ. ಕಾರ್ಡಿನಿಂದ ಹಣ ಪಡೆಯುವ ಸಿದ್ಧ ಕೋಡನ್ನು ಕೇಂದ್ರದ ವೆಬ್‌ಸೈಟಿಗೆ ಜೋಡಿಸಿದವಳು, ಅದರೊಳಗೆ ಪರೀಕ್ಷೆಗೆಂದೇ ಇದ್ದ ಹುಸಿ ಬ್ಯಾಂಕನ್ನು ತೆಗೆಯಲು ಮರೆತಿದ್ದಳು. ಮೂರು ದಿನ ಅದು ಖಾಲಿ ಕಾರ್ಡುಗಳಿಗೂ ಹೂಂ ಅಂದಿತ್ತು.

ಅವಳು ಒಂದೇ ಒಂದು ಸಾಲು ತಿದ್ದಿದಳು. ಪರದೆಯಲ್ಲಿ ಅಜ್ಜಿಯ ಹೆಸರಿನ ಮುಂದೆ ಕೆಂಪು ಗುರುತು ಮೂಡಿತು.

"ಈಗ ನೀನೇ ಹೋಗಿ ಎಬ್ಬಿಸು," ಅಂದ ಮಾಲೀಕ.

ಊದಿದ ಮುಖದ ಅಜ್ಜಿ ತೋಳು ಚಾಚಿ ಮಲಗಿದ್ದಳು.

"ಏಳಿ ಅಜ್ಜಿ, ನಿಮ್ಮ ಕಾರ್ಡಲ್ಲಿ ದುಡ್ಡಿಲ್ಲ."

"ಮೊನ್ನೆ ಇದೇ ಕಾರ್ಡ್ ನಡೀತಲ್ಲ ಮಗಳೇ?"

ಬಾಗಿಲಲ್ಲಿ ಮಾಲೀಕ ಕೈಕಟ್ಟಿ ನಿಂತಿದ್ದ. ಹುಡುಗಿ ಅಜ್ಜಿಯ ಮೇಲಕ್ಕೆ ಮಡಚಿದ್ದ ರವಿಕೆಯ ತೋಳನ್ನು ಮೆಲ್ಲಗೆ ಕೆಳಗಿಳಿಸಿದಳು.

"ಮೊನ್ನೆ ನನ್ನಿಂದ ತಪ್ಪಾಯ್ತು ಅಜ್ಜಿ, ಕ್ಷಮಿಸಿ."