ಕರಿನೀರಿನಲ್ಲಿ ಹೆಣ್ಣು ನೋಡುವುದು

ಕರಿನೀರಿನ ದ್ವೀಪದಲ್ಲಿ ಹತ್ತು ವರ್ಷ ತಕರಾರಿಲ್ಲದೆ ದುಡಿದ ಕೈದಿಗೆ ಸರ್ಕಾರ ತುಂಡು ಹೊಲ ಕೊಡುತ್ತಿತ್ತು. ಹೆಣ್ಣು ಕೈದಿಗಳ ಸಾಲಿನಲ್ಲಿ ಒಬ್ಬಳನ್ನು ಆರಿಸಿ ಮದುವೆಯಾಗಲೂ ಬಿಡುತ್ತಿತ್ತು. ಇಂದು ಮಾತು ಕುದುರದಿದ್ದರೆ ದುಂಡಪ್ಪನಿಗೆ ಇನ್ನೊಂದು ವರ್ಷ ಬ್ಯಾರಕ್ಕೇ ಗತಿ. ಆದರೂ ಅವನು ಸಂತೆಯಲ್ಲಿ ಎಮ್ಮೆ ನೋಡುವವನಂತೆ ಮೂಗು ಮುರಿಯುತ್ತ ಸಾಲಿನುದ್ದಕ್ಕೂ ನಡೆದ.

“ಇಕಿ?”

ಕಾವಲಿನ ಹೆಂಗಸು ಮೊದಲನೆಯವಳ ಕೊರಳಿನ ಮರದ ಬಿಲ್ಲೆ ಓದಿದಳು. “ಕಳವು.”

“ಕಳ್ಳಿ ನನ್ನ ಮನಿಗೆ ಬ್ಯಾಡ. ಆಕಿ?”

“ಗಂಡನ ಅನ್ನದಾಗ ವಿಷ ಹಾಕ್ಯಾಳ.”

“ಥೂ, ಹೇಡಿ. ಕೊಲ್ಲೂದಾದ್ರ ಎದುರಿಗೆ ನಿಂತು ಕೊಲ್ಲಬೇಕು.”

ಮೂರನೆಯವಳು ಗಂಡನನ್ನು ಹಾಡಹಗಲೇ ಅಂಗಳದಲ್ಲಿ ಕೊಡಲಿಯಿಂದ ಕಡಿದು ಬಂದಿದ್ದಳು. ದುಂಡಪ್ಪ ಮೀಸೆ ತಿರುವಿದ. “ಇಕಿ ನನಗ ಜೋಡಿ. ಬರ್ಕೊಳ್ರಿ.”

“ಆಕೀನೂ ಒಪ್ಪಬೇಕಪಾ,” ಎಂದಳು ಕಾವಲಿನವಳು.

ಕೊಡಲಿಯ ಹೆಣ್ಣು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀ ಯಾರನ್ನ ಕೊಂದು ಬಂದಿ?”

“ಹೆಂಡ್ತೀನ್ನ.”

“ಎದುರಿಗೆ ನಿಂತು?”

ದುಂಡಪ್ಪ ಕೆಮ್ಮಿದ. “ಆಕಿ ಮಲಗಿದ್ಲು.”

ಅವಳು ಕಾವಲಿನವಳತ್ತ ತಿರುಗಿದಳು. “ಅಕ್ಕಾರ, ಇಂವನ್ನ ಆ ವಿಷ ಹಾಕಿದಾಕಿಗೇ ಕೊಡ್ರಿ.”