ಅರ್ಧ ಕೊಳ

"ಆ ಮೂರ್ಖನಿಗೆ ಹೇಳು, ನೀಲಿ ಬಳಿದ ಮಾತ್ರಕ್ಕೆ ಕೊಳ ಆಗಲ್ಲ, ಬಟ್ಟೆ ಒಗೆಯೋ ಬಾನಿ ಆಗುತ್ತೆ ಅಂತ!"

ವಿಠ್ಠಲದಾಸ ಕೂಗಿದ್ದು ಹೆಂಡತಿ ಗುಲಾಬಳಿಗೆ. ಮುಟ್ಟಬೇಕಾಗಿದ್ದು ಗೋಡೆಯಾಚೆಯ ತಮ್ಮ ದಾಮೋದರನಿಗೆ. ನಾಥದ್ವಾರದ ಚಿತ್ರಗಾರರ ಓಣಿಯಲ್ಲಿ ಈ ಹಗೆಗೆ ಹನ್ನೊಂದು ವರ್ಷ. ತಂದೆ ತೀರಿಕೊಂಡ ದಿನ, ಗುಡಿಯ ಮುಖ್ಯ ಚಿತ್ರಗಾರರಾಗಿ ಅವರು ಕೂರುತ್ತಿದ್ದ ಗದ್ದುಗೆ ಯಾರಿಗೆಂದು ಹತ್ತಿದ ಕಿಚ್ಚು ಅದು. ಮನೆ ಎರಡಾಯಿತು. ಗದ್ದುಗೆ ಬರಿದೇ ಉಳಿಯಿತು.

ಈ ಸಲ ಗುಡಿಯ ಹಿರಿಯ ಅರ್ಚಕ ಮುಖಿಯಾಜಿ ಒಂದೇ ಬಟ್ಟೆ ಕೊಟ್ಟಿದ್ದರು. ದೇವರ ಬೆನ್ನ ಹಿಂದೆ ತೂಗುವ ಪಿಛವಾಯಿ. ಅದರ ತುಂಬ ತಾವರೆಕೊಳ. ಅರ್ಧ ಅಣ್ಣನಿಗೆ, ಅರ್ಧ ತಮ್ಮನಿಗೆ. ಯಾರ ನೀರು ನೀರಾಗುತ್ತದೋ ಅವರಿಗೇ ಗದ್ದುಗೆ.

ಎರಡು ಮನೆಗಳ ನಡುವಿನ ತಂದೆಯ ಕೋಣೆಯಲ್ಲಿ, ಬರಿದಾದ ಗದ್ದುಗೆಯ ಎದುರು ಬಟ್ಟೆ ಬಿಗಿದಿತ್ತು. ಬೆಳಿಗ್ಗೆ ಅಣ್ಣನ ಪಾಳಿ, ಮಧ್ಯಾಹ್ನ ಆಚೆಯವರದು. ಮುಖ ನೋಡುವ ಪಾಪ ಬೇಡ. ಹೋಳಿಯಿಂದೀಚೆಗೆ ದಾಮೋದರ ದರ್ಶನಕ್ಕೂ ಬಂದಿರಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ದೇವರನ್ನೇ ಬಿಟ್ಟನಲ್ಲ ಎಂದು ವಿಠ್ಠಲದಾಸ ಹಲ್ಲು ಕಡಿದ.

ಗುಲಾಬ ಮರುಮಾತು ತಂದಳು, ಸೆರಗಿನಲ್ಲಿ ನಗು ಮುಚ್ಚಿಕೊಂಡು. "ನೀವು ಬರೆದದ್ದು ಎಲೆ ಅಲ್ವಂತೆ, ಸೀದ ರೊಟ್ಟಿಯಂತೆ. ಮಗುಚಿ ಹಾಕೋಕೆ ಮರೆತ್ರಾ ಅಂತ ಕೇಳ್ತಿದ್ದಾರೆ."

"ಅವನ ನಾಲಿಗೆ ಬಿದ್ದುಹೋಗ!"

ಗುಲಾಬಳ ನಗು ಆರಿತು. "ಹಾಗನ್ನಬೇಡಿ," ಎಂದಳು.

ಮೊದಲು ನೀಲಿಯ ಹಾಸು. ಅದು ಒಣಗಿದ ಮೇಲೆ ಎಲೆಗೆ ಕಡುಹಸಿರು, ಅಂಚಿಗೆ ತಿಳಿಹಸಿರು, ಅಳಿಲುಬಾಲದ ಕುಂಚದಿಂದ ನರಗಳು. ಈಚೆ ಒಂದು ಹೆಜ್ಜೆಯಾದರೆ ಆಚೆಯೂ ಒಂದು. ಕಡೆಗೆ ಪ್ರತಿಬಿಂಬ: ಹೂವಿನದೇ ಬಣ್ಣಕ್ಕೆ ನೀರು ಬೆರೆಸಿ ತಲೆಕೆಳಗಾಗಿ ಎಳೆಯಬೇಕು. ವಿಠ್ಠಲದಾಸನ ಪ್ರತಿಬಿಂಬಗಳು ಅಳತೆ ತಪ್ಪದೆ, ಕನ್ನಡಿಯಲ್ಲಿದ್ದಂತೆ ನಿಂತವು.

ಮರುದಿನ ಬೆಳಿಗ್ಗೆ ಕೀರ್ತನೆ ಗುನುಗುತ್ತ ಬಂದವನ ದನಿ ಅರ್ಧ ಸಾಲಿಗೇ ನಿಂತಿತು. ಆಚೆಯ ಅರ್ಧದಲ್ಲಿ ಹೂವಿನ ನೆರಳು ತುಂಡುತುಂಡಾಗಿ, ನಡುನಡುವೆ ಬರಿಯ ನೀಲಿ ಇಣುಕುತ್ತಿತ್ತು. ಈಗ ತಾನೇ ಯಾರೋ ಕೊಡ ಮುಳುಗಿಸಿ ಎತ್ತಿಕೊಂಡು ಹೋದಂತೆ ನೀರು ನಡುಗುತ್ತಿತ್ತು.

ಮುಖಿಯಾಜಿ ಬಂದು ಬಾಯಿ ತೆರೆಯುವ ಮೊದಲೇ ಅವನು ಕೈಮುಗಿದ. "ನಾನು ಸೋತೆ, ಮಹಾರಾಜ್. ಈ ನೀರು ಬರೆದ ಕೈಗೇ ಗದ್ದುಗೆ. ಶ್ರೀನಾಥಜಿಯ ಆಣೆ." ಆಮೇಲೆ ಹೆಂಡತಿಯ ಕಡೆ ಗುಡುಗಿದ: "ಕರಿಯೇ ಆ ಪಾಪಿನ!"

"ಆಣೆ ಇಟ್ಟಿದ್ದೀರಿ, ನೆನಪಿರಲಿ," ಎಂದು ಗುಲಾಬ ದಾಮೋದರನ ಮನೆಯ ಕಡೆಯ ನಡುಬಾಗಿಲು ತೆರೆದಳು.

ಒಳಗೆ ದಾಮೋದರ ಹಾಸಿಗೆಯಲ್ಲಿದ್ದ. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಹೊದಿಕೆಯ ಮೇಲೆ ಸತ್ತು ಬಿದ್ದಿತ್ತು. "ಹೋಳಿಯ ದಿನವೇ ಲಕ್ವ ಹೊಡೀತು. ಅವತ್ತೇ ಮಾತೂ ಹೋಯ್ತು," ಎಂದಳು ಗುಲಾಬ.

ಹನ್ನೊಂದು ವರ್ಷದಲ್ಲಿ ಭಾವನೆದುರು ಮುಸುಕು ಸರಿಸದ, ತುಟಿ ಬಿಚ್ಚದ ದಾಮೋದರನ ಹೆಂಡತಿ ಜಮುನಾ ಹೊಸಿಲು ದಾಟಿ ಬಂದಳು. ನೀಲಿ ಮೆತ್ತಿದ ಬೆರಳುಗಳಿಂದ ಮುಸುಕನ್ನು ಇನ್ನೊಂದು ಗೇಣು ಕೆಳಗೆಳೆದು, ಮಾವನ ಗದ್ದುಗೆಯ ಮೇಲೆ ಕುಳಿತಳು.